ಮುಖ ಕಾಣಬೇಕಾದ್ದು ಎಲ್ಲಿ?

ಎಲ್ಲರಿಗೂ ನಮಸ್ಕಾರ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳ ಕಥೆ ಹೆಚ್ಚುಕಡಿಮೆ ಒಂದೇ. ಮಕ್ಕಳು ಬೆಂಗಳೂರಲ್ಲೋ ಗಲ್ಫಿನಲ್ಲೋ. ಮನೆಯಲ್ಲಿ ಇಬ್ಬರೇ ಹಿರಿಯರು. ಪಕ್ಕದ ಮನೆ ಕೂಗಿದರೆ ಕೇಳದಷ್ಟು ದೂರ. ಅಂಗಳದಲ್ಲಿ ಒಣಹಾಕಿದ ಅಡಿಕೆ. ಕಾವಲಿಗೆ ಸಿಸಿಟಿವಿ ಕ್ಯಾಮೆರಾ ಬೇಕು ಅನ್ನಿಸುವುದು ಸಹಜ.

ಅಂಗಡಿಯಲ್ಲಿ ಮೊದಲು ಕೇಳುವುದು ಎಷ್ಟು ಕ್ಯಾಮೆರಾ, ಎಷ್ಟು ಮೆಗಾಪಿಕ್ಸೆಲ್ ಅಂತ. ನನ್ನ ಪ್ರಕಾರ ಅದಕ್ಕೂ ಮೊದಲು ತೀರ್ಮಾನ ಆಗಬೇಕಾದ್ದು ಬೇರೆ: ಯಾವ ಜಾಗದಲ್ಲಿ ಬಂದವರ ಮುಖ ಗುರುತು ಸಿಗಬೇಕು?

ಸ್ವಲ್ಪ ಲೆಕ್ಕ ಹಾಕೋಣ. ಗುರುತಿಲ್ಲದವರ ಮುಖ ಪತ್ತೆಯಾಗಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು, ಇದು 2014ರ ಅಂತಾರಾಷ್ಟ್ರೀಯ ಮಾನದಂಡದ ಲೆಕ್ಕ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 1920 ಪಿಕ್ಸೆಲ್. ಅಗಲ ನೋಟದ 2.8 ಎಂಎಂ ಲೆನ್ಸ್ ಹಾಕಿದರೆ ಇಡೀ ಅಂಗಳ ಕಾಣುತ್ತದೆ, ನೋಡಲು ಖುಷಿ. ಆದರೆ ಮುಖ ಸ್ಪಷ್ಟ ಆಗುವುದು ಸುಮಾರು 3-4 ಮೀಟರ್ ಒಳಗೆ ಮಾತ್ರ. 4 ಮೆಗಾಪಿಕ್ಸೆಲ್ ತಗೊಂಡರೂ ಹೆಚ್ಚೆಂದರೆ ಇನ್ನೊಂದೆರಡು ಮೀಟರ್. ಅದೇ 2 ಮೆಗಾಪಿಕ್ಸೆಲ್‌ಗೆ 6 ಎಂಎಂ ಲೆನ್ಸ್ ಇದ್ದರೆ ಸುಮಾರು 8 ಮೀಟರ್ ತನಕ ಮುಖ ಸಿಗುತ್ತದೆ. ನೋಟದ ಅಗಲ ಕಡಿಮೆಯಾಗುತ್ತದೆ, ಆಗಲಿ.

ನಮ್ಮ ಗೇಟು ಮನೆಯಿಂದ ಎಷ್ಟು ದೂರ ಅಂತ ನಿಮಗೇ ಗೊತ್ತು. ಉಪ್ಪರಿಗೆಯ ಮಾಡಿಗೆ ಕಟ್ಟಿದ ಕ್ಯಾಮೆರಾದಲ್ಲಿ ಯಾರೋ ಬಂದರು ಅಂತ ತಿಳಿಯುತ್ತದೆ, ಯಾರು ಅಂತ ತಿಳಿಯುವುದಿಲ್ಲ. ಎತ್ತರ ಜಾಸ್ತಿಯಾದರೆ ಮಳೆಗಾಲದಲ್ಲಿ ಕಾಣುವುದು ಬರೀ ಕೊಡೆ! ಹಾಗಾಗಿ ಗೇಟಿನ ಕಂಬದ ಹತ್ತಿರ, ಎಂಟಡಿ ಎತ್ತರದಲ್ಲಿ ಒಂದು. ಜಗಲಿಯ ಬಾಗಿಲಿಗೆ ಒಂದು. ಅಡಿಕೆ ಅಂಗಳಕ್ಕೆ ಅಗಲ ನೋಟದ್ದು ಒಂದು. ಹೆಚ್ಚಿನ ಮನೆಗಳಿಗೆ ಇಷ್ಟು ಸಾಕು.

ಈಗ ಸಿಡಿಲಿನ ವಿಷಯ. ಏಪ್ರಿಲ್-ಮೇ, ಮತ್ತೆ ಅಕ್ಟೋಬರ್-ನವೆಂಬರ್ ಬಂತೆಂದರೆ ಸಂಜೆಯ ಗುಡುಗು ನಮಗೆ ಹೊಸತಲ್ಲ. ಗೇಟಿನಿಂದ ಮನೆಗೆ ಎಳೆದ ಉದ್ದದ ತಾಮ್ರದ ಕೇಬಲ್ ಆ ವಿದ್ಯುತ್ತನ್ನು ಸೀದಾ ರೆಕಾರ್ಡರ್ ಪೆಟ್ಟಿಗೆಗೆ ತರುತ್ತದೆ. ಕ್ಯಾಮೆರಾದ ಜತೆ ರೂಟರ್, ಟಿವಿ ಕೂಡ ಹೋಗಬಹುದು. ಆ ಉದ್ದಕ್ಕೆ ಫೈಬರ್ ಹಾಕಿಸಿ. ಅದರಲ್ಲಿ ಹೋಗುವುದು ಬೆಳಕು, ಕರೆಂಟಲ್ಲ. ಕ್ಯಾಮೆರಾಕ್ಕೆ ಕರೆಂಟಿನ ತಂತಿ ಹೋಗುವುದಾದರೆ ಏಕಾಏಕಿ ನುಗ್ಗುವ ಕರೆಂಟನ್ನು ತಡೆಯುವ ಸರ್ಜ್ ಪ್ರೊಟೆಕ್ಟರೂ ಒಳ್ಳೆಯ ಅರ್ಥಿಂಗೂ ಬೇಕೇ ಬೇಕು. ಇದಕ್ಕೆ ಹಣ ಸಾಲದಿದ್ದರೆ ಒಂದು ಕ್ಯಾಮೆರಾ ಕಡಿಮೆ ಮಾಡಿ, ಇದನ್ನು ಬಿಡಬೇಡಿ. ಸೋಲಾರ್ ಕ್ಯಾಮೆರಾ ಚಂದವೇ. ಆದರೆ ಅಡಿಕೆ ಮರದ ನೆರಳಲ್ಲಿ, ಮಳೆ ಸುರಿಯುವ ಆಟಿ ತಿಂಗಳಲ್ಲಿ ಬ್ಯಾಟರಿ ಎಷ್ಟು ಚಾರ್ಜ್ ಆದೀತು ಹೇಳಿ?

ಹೊರಗಿಡುವ ಕ್ಯಾಮೆರಾಕ್ಕೆ ಐಪಿ66 ಅಥವಾ ಐಪಿ67 ಗುರುತು (ಧೂಳು, ನೀರು ಒಳಗೆ ಹೋಗುವುದಿಲ್ಲ ಅಂತ ಅರ್ಥ) ಇದೆಯೇ ನೋಡಿ. ರಾತ್ರಿ ಲೆನ್ಸಿನ ಮುಂದೆ ಜೇಡ ಬಲೆ ಕಟ್ಟಿದರೆ ಕತ್ತಲಲ್ಲಿ ನೋಡಲು ಕ್ಯಾಮೆರಾ ಬಿಡುವ ಇನ್‌ಫ್ರಾರೆಡ್ ಬೆಳಕು ಅದಕ್ಕೇ ಬಡಿದು ಚಿತ್ರವೆಲ್ಲ ಬಿಳಿ ಮಂಜು. ಎಂಟಡಿ ಎತ್ತರದಲ್ಲಿದ್ದರೆ ವಾರಕ್ಕೊಮ್ಮೆ ಕೋಲಿಗೆ ಬಟ್ಟೆ ಸುತ್ತಿ ಒರೆಸಬಹುದು.

ರೆಕಾರ್ಡ್ ಆದದ್ದು ಎಷ್ಟು ದಿನ ಉಳಿಯುತ್ತದೆ? ಮೇಲಿನ ಮೂರಕ್ಕೆ ಇನ್ನೊಂದು ಸೇರಿ 4 ಕ್ಯಾಮೆರಾ, ಒಂದೊಂದಕ್ಕೆ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ಅಂತ ಹಿಡಿದರೆ ದಿನಕ್ಕೆ 86 ಜಿಬಿ. 1 ಟಿಬಿ ಡಿಸ್ಕ್ 11 ದಿನಕ್ಕೆ ತುಂಬಿ, ಹಳೆಯದು ಅಳಿಸುತ್ತದೆ. ಮನೆಗೆ ಬೀಗ ಹಾಕಿ ಮಗಳ ಮನೆಗೆ ಹದಿನೈದು ದಿನ ಹೋಗುವವರು 2 ಟಿಬಿ ತಗೊಳ್ಳಿ.

ಪಾಸ್‌ವರ್ಡ್ ಬದಲಿಸಿದ ಮೇಲೆಯೇ ಕ್ಯಾಮೆರಾ ಕೂರಿಸಲು ಬಂದ ಕೆಲಸದವರನ್ನು ಕಳಿಸಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರುಗಳಿಗೆ ನುಗ್ಗಿದ್ದು ಕಾರ್ಖಾನೆಯ ಪಾಸ್‌ವರ್ಡ್ ಹಾಗೆಯೇ ಉಳಿದಿದ್ದರಿಂದ.

ದೂರದಲ್ಲಿರುವ ಮಕ್ಕಳಿಗೆ ಒಂದು ಮಾತು. ಅಮ್ಮನನ್ನು ಕೇಳದೆ ಮನೆಯೊಳಗೆ ಕ್ಯಾಮೆರಾ ಇಡಬೇಡಿ. ಅವರು ಕೂದಲು ಬಾಚುವುದು, ಒಬ್ಬರೇ ಕೂತು ಅಳುವುದು ನಿಮ್ಮ ಮೊಬೈಲಿಗೆ ಬರಬೇಕಾಗಿಲ್ಲ. ಅಡುಗೆಮನೆಗೆ ಇಡಬಹುದು ಅಂತ ಅವರೇ ಹೇಳಿದರೆ ಅಡುಗೆಮನೆಗೆ ಮಾತ್ರ. ನೆರೆಯವರ ಬಾವಿಕಟ್ಟೆ, ಸ್ನಾನದ ಮನೆಯ ಕಡೆಗೂ ಲೆನ್ಸ್ ತಿರುಗಬಾರದು.

ದುಡ್ಡು ಪೂರ್ತಿ ಕೊಡುವ ಮೊದಲು ಕತ್ತಲಾಗುವ ತನಕ ಕಾಯಿರಿ. ಮನೆಯವರೊಬ್ಬರು ಗೇಟಿನಿಂದ ಮಾಮೂಲಿ ನಡಿಗೆಯಲ್ಲಿ ಬರಲಿ. ರೆಕಾರ್ಡ್ ಆದದ್ದನ್ನು ನಿಲ್ಲಿಸಿ ನೋಡಿ. ಮುಖ ಕಾಣದಿದ್ದರೆ ಕ್ಯಾಮೆರಾದ ಜಾಗವನ್ನೋ ಲೆನ್ಸನ್ನೋ ಕೂರಿಸಿದವರಿಂದಲೇ ಬದಲಿಸಿಕೊಳ್ಳಿ.