ಫೋಟೋ ತೋರಿಸಿ 'ಇದೇ ಥರ ಬೇಕು' ಅನ್ನುವವರ ಕಾಲ

ಎಲ್ಲರಿಗೂ ನಮಸ್ಕಾರ. ನನಗೆ ಕತ್ತರಿ ಹಿಡಿದು ಅಭ್ಯಾಸ, ಮೈಕ್ ಹಿಡಿದು ಅಲ್ಲ. ತಡವರಿಸಿದರೆ ನಗಬೇಡಿ.

ಶಿವಮೊಗ್ಗದ ಗಾಂಧಿ ಬಜಾರ್ ಹತ್ತಿರ ನಾನು ಅಂಗಡಿ ಹಾಕಿದಾಗ ಹೆಂಗಸರು ಅಳತೆ ಬ್ಲೌಸ್ ತಂದುಕೊಡುತ್ತಿದ್ದರು. 'ಕುತ್ತಿಗೆ ಸ್ವಲ್ಪ ಇಳಿಸು, ತೋಳು ಮೊಣಕೈವರೆಗೆ ಬರಲಿ', ಅಷ್ಟೇ ಮಾತು. ಈಗ ಮದುಮಗಳು, ಅವಳ ಅಮ್ಮ, ಅತ್ತಿಗೆ ಮೂವರೂ ಬರುತ್ತಾರೆ, ಮೂವರ ಫೋನಿನಲ್ಲೂ ಬೇರೆ ಬೇರೆ ಬ್ಲೌಸ್ ಇರುತ್ತದೆ. 'ಇದೇ ಥರ ಬೇಕು' ಅಂತಾರೆ. ಫೋಟೋಗೆ ನಿಂತ ಹುಡುಗಿಯ ಬೆನ್ನ ಹಿಂದೆ ಬಟ್ಟೆ ಎಳೆದು ಪಿನ್ ಹಾಕಿರುತ್ತಾರೆ, ಅದು ಫೋಟೋದಲ್ಲಿ ಕಾಣಲ್ಲ. ಆ ಬ್ಲೌಸ್ ಹಾಕಿಕೊಂಡು ಮದುವೆ ಮನೆಯಲ್ಲಿ ಕೈ ಎತ್ತೋಕೆ ಆಗುತ್ತಾ, ಕೂತು ಊಟ ಮಾಡೋಕೆ ಆಗುತ್ತಾ? ಅದನ್ನು ಬೇಜಾರಾಗದ ಹಾಗೆ ಬಿಡಿಸಿ ಹೇಳೋದೇ ಈಗ ಅರ್ಧ ಕೆಲಸ.

ಹಾಗಂತ ಫೋನನ್ನು ಬೈಯೋಕೆ ಬಂದಿಲ್ಲ ನಾನು. ಮೊದಲು ಡಿಸೈನರ್ ಅನ್ನಿಸಿಕೊಳ್ಳಬೇಕಾದರೆ ಬೆಂಗಳೂರಿನ ನಿಫ್ಟ್‌ನಂಥ ಫ್ಯಾಷನ್ ಕಾಲೇಜಿನಲ್ಲಿ ಓದಬೇಕು, ದೊಡ್ಡವರ ಕೈಕೆಳಗೆ ದುಡಿಯಬೇಕು, ಪತ್ರಿಕೆಯವರ ಕಣ್ಣಿಗೆ ಬೀಳಬೇಕು ಅಂತಿತ್ತು. 2020ರ ಜೂನ್ ಕೊನೆಗೆ ನಮ್ಮ ದೇಶದಲ್ಲಿ ಟಿಕ್‌ಟಾಕ್ ನಿಂತಿತು, ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಅನ್ನೋ ಪುಟ್ಟ ವಿಡಿಯೋ ಬಂತು. ಕೊರೊನಾ ಹೊಡೆತಕ್ಕೆ ನನ್ನ ಅಂಗಡಿ ಖಾಲಿ ಹೊಡೀತಿದ್ದ ಕಾಲ ಅದು. ಈಗ ತೀರ್ಥಹಳ್ಳಿ ಕಡೆಯ ಹೆಂಗಸರು ಫೋನಿನಲ್ಲೇ ಕೆಲಸ ತೋರಿಸಿ, ಮನೆ ಜಗಲಿಯಲ್ಲಿ ಕೂತು, ಕೊರಿಯರ್‌ನಲ್ಲಿ ಬಂದ ಬೆಂಗಳೂರಿನ ಸೀರೆಗೆ ಕುಚ್ಚು ಕಟ್ಟಿ ಕಳಿಸುತ್ತಾರೆ. ಅಂಗಡಿ ಬಾಡಿಗೆ ಇಲ್ಲ, ಬಸ್ ಚಾರ್ಜ್ ಇಲ್ಲ.

ಆದರೆ ರೀಲಿಗೆ ಯಾವುದು ಓಡುತ್ತೆ ಅಂತ ಹೇಳೋಕಾಗಲ್ಲ. ಹನ್ನೊಂದು ದಿನ ಕೂತು ಕೊಕ್ಕೆ ಸೂಜಿಯಲ್ಲಿ ಮಾಡಿದ ಆರಿ ವರ್ಕ್ ಕಸೂತಿ ಹಾಕಿದೆ, ನಮ್ಮ ಚಿಕ್ಕಮ್ಮ ಬಿಟ್ಟರೆ ಯಾರೂ ನೋಡಿದಂತಿಲ್ಲ. ತೋಳು ಉಲ್ಟಾ ಕೂರಿಸಿ ಆಮೇಲೆ ಹೊಲಿಗೆ ಬಿಚ್ಚಿದ್ದನ್ನು ಸುಮ್ನೆ ಹಾಕಿದೆ, ಅದು ಓಡಿತು!

ಇನ್ನೊಂದು ಫಜೀತಿ ಹೇಳ್ತೀನಿ. ಅಡಿಕೆ ಬೇಯಿಸಿದ ಮೇಲೆ ಉಳಿಯುವ ನೀರು, ಚೊಗರು, ಗೊತ್ತಲ್ವಾ? ಹೆಗ್ಗೋಡಿನ ಚರಕ ಅನ್ನೋ ಹೆಂಗಸರ ಸಹಕಾರ ಸಂಘದವರು ಅದರಿಂದ ಬಣ್ಣ ಹಾಕಿ ಬಟ್ಟೆ ಮಾಡುತ್ತಾರೆ. ನಾನೂ ಆಸೆಪಟ್ಟು ಒಂದು ಕುರ್ತಾ ಬಟ್ಟೆಗೆ ಚೊಗರಿನ ಬಣ್ಣ ಹಾಕಿದೆ. (ಕಬ್ಬಿಣದ ಪಾತ್ರೆಯಲ್ಲಿ ಮಾತ್ರ ಮಾಡಬೇಡಿ, ಕಪ್ಪಾಗುತ್ತದೆ.) ಜುಲೈ ತಿಂಗಳು, ಮೂರು ದಿನದಿಂದ ಬಿಡದೆ ಮಳೆ, ಕರೆಂಟ್ ಬೇರೆ ಇಲ್ಲ. ಕಿಟಕಿ ಹತ್ತಿರ ಹಿಡಿದು ಫೋಟೋ ತೆಗೆದೆ. ಫೋನಿನಲ್ಲಿ ಅದು ಬೂದಿ ಬೆರೆತ ಗುಲಾಬಿ ಥರ ಬಂತು, ನನಗೂ ಚಂದ ಕಂಡಿತು, ಹಾಕಿಬಿಟ್ಟೆ. ಪುಣೆಯ ಒಬ್ಬರು ದುಡ್ಡು ಕಳಿಸಿ ತರಿಸಿಕೊಂಡರು. ಕವರ್ ಬಿಚ್ಚಿ ನೋಡಿ, 'ಇದು ಕಾಫಿ ಬಣ್ಣ ಕಣ್ರೀ' ಅಂತ ವಾಪಸ್ ಕಳಿಸಿದರು. ಅವರದ್ದೇನೂ ತಪ್ಪಿಲ್ಲ. ಈಗ ಬಟ್ಟೆ ಪಕ್ಕ ಒಂದು ಬಿಳಿ ಹಾಳೆ ಇಟ್ಟು ತೆಗೆಯುತ್ತೇನೆ. ಹಾಳೆ ನೀಲಿ ಕಂಡರೆ ಬಟ್ಟೆಯ ಬಣ್ಣವೂ ಸುಳ್ಳೇ. ಒಳಗೊಂದು, ಮಳೆ ಬಿಟ್ಟಾಗ ಅಂಗಳದಲ್ಲೊಂದು, ಎರಡೂ ವಿಡಿಯೋ ಹಾಕುತ್ತೇನೆ.

ಕದಿಯೋರ ವಿಷಯ ಕೇಳೇ ಕೇಳ್ತೀರಿ. ನಾನು ಬೆಳಿಗ್ಗೆ ಹಾಕಿದ ಡಿಸೈನ್ ಸಂಜೆಗೆ ಇನ್ನೊಬ್ಬರ ಪೇಜಿನಲ್ಲಿ ಕಂಡಿದ್ದಿದೆ. 2018ರಿಂದ ಡಯಟ್ ಸಬ್ಯ ಅನ್ನೋ ಇನ್‌ಸ್ಟಾಗ್ರಾಂ ಖಾತೆ ದೊಡ್ಡ ದೊಡ್ಡ ಡಿಸೈನರ್‌ಗಳ ನಕಲನ್ನೂ ಅಸಲು ಪಕ್ಕ ಇಟ್ಟು ತೋರಿಸುತ್ತಿದೆ. ನಮ್ಮಂಥವರ ಪರ ಯಾರು ಕೂಗ್ತಾರೆ? ಕಾನೂನೇನೋ ಇದೆ, 2000ದ ಡಿಸೈನ್ಸ್ ಕಾಯ್ದೆ. ನೋಂದಾಯಿಸಿದರೆ 10 ವರ್ಷ, ಅದು ಮುಗಿಯೋ ಮೊದಲು ಅರ್ಜಿ ಹಾಕಿ ಮುಂದುವರಿಸಿದರೆ ಇನ್ನೂ 5 ವರ್ಷ ಹಕ್ಕು ನಿಮ್ಮದು. ಆದರೆ ಇದನ್ನು ಬರೆದಿಟ್ಟುಕೊಳ್ಳಿ: ಅರ್ಜಿ ಹಾಕುವ ಮೊದಲೇ ಜನಕ್ಕೆ ತೋರಿಸಿಬಿಟ್ಟರೆ ಅದು ಹೊಸದು ಅಂತ ಲೆಕ್ಕಕ್ಕೆ ಬರಲ್ಲ. ಅಂದರೆ ಖುಷಿ ತಡೆಯದೆ ನೀವೇ ಹಾಕಿದ ರೀಲು ನಿಮ್ಮ ಅರ್ಜಿಯನ್ನೇ ಕೆಡಿಸಬಹುದು. ಪ್ರತಿ ಬ್ಲೌಸಿಗೂ ಅರ್ಜಿ ಹಾಕೋಕಾಗಲ್ಲ ಬಿಡಿ. ನಿಜಕ್ಕೂ ನಿಮ್ಮದೇ ಅನ್ನಿಸಿದ ಒಂದೆರಡಕ್ಕಾದರೂ ಹಾಕಿ, ಅಲ್ಲಿವರೆಗೆ ಫೋನ್ ಮುಟ್ಟಬೇಡಿ.

ಸಾಕು ಮಾತು. ಬ್ಯಾಗಿನಲ್ಲಿ ನಾಲ್ಕು ಬ್ಲೌಸ್ ತಂದಿದ್ದೇನೆ, ನಾಲ್ಕೂ ರೀಲಿನಲ್ಲಿ ಚೆನ್ನಾಗಿ ಕಂಡವು. ಮುಂದೆ ಬನ್ನಿ, ಒಳಮೈ ತಿರುಗಿಸಿ ನೋಡೋಣ. ಈ ಹಸಿರಿನದ್ದು ಕೆಡಿಸಿದವಳು ನಾನೇ, ಎಲ್ಲಿ ಅಂತ ನೀವು ಹುಡುಕಿ.