ನಕಲಿ ಅನ್ನೋ ಮುಂಚೆ ಆ ತೊಲೆಗಳನ್ನ ನೋಡಿ

ಜರ್ಮನಿಯ ಹಿಲ್ಡೆಸ್‌ಹೈಮ್‌ನ ಮಾರುಕಟ್ಟೆ ಚೌಕದಲ್ಲಿ ಒಂದು ಎತ್ತರದ ಮರದ ಕಟ್ಟಡ ಇದೆ. ಕ್ನೋಖೆನ್‌ಹೌವರ್‌ಆಮ್ಟ್ಸ್‌ಹೌಸ್. ಕಸಾಯಿ ಕಸುಬಿನವರ ಸಂಘ 1529ರಲ್ಲಿ ಕಟ್ಟಿಸಿದ್ದು. ಕೆಳಗೆ ಮಾಂಸದ ವ್ಯಾಪಾರ, ಮೇಲೆ ಸಂಘದ ಸಭೆ. 1945ರ ಮಾರ್ಚ್ 22ರಂದು ಬಾಂಬ್ ದಾಳಿಯ ಬೆಂಕಿಗೆ ಪೂರ್ತಿ ಸುಟ್ಟುಹೋಯ್ತು. ಈಗ ನಿಂತಿರೋದು 1987ರಿಂದ 1989ರ ಒಳಗೆ ಮತ್ತೆ ಕಟ್ಟಿದ್ದು.

"ಇದೆಲ್ಲ ಸಿನಿಮಾ ಸೆಟ್ಟು" ಅಂತ ಮೂಗು ಮುರಿಯೋರು ಬೇಕಾದಷ್ಟು ಜನ ಇದ್ದಾರೆ. ನಾನು ಒಪ್ಪಲ್ಲ.

ಯಾಕೆ ಅಂದ್ರೆ, ಅಲ್ಲಿ ಹಳೇ ರೂಪ ಮಾತ್ರ ತಂದಿಲ್ಲ, ಹಳೇ ಕೆಲಸವನ್ನೇ ತಂದಿದ್ದಾರೆ. ಓಕ್ ಮರದ ದಪ್ಪ ತೊಲೆಗಳು. ಒಂದಕ್ಕೆ ತೂತು ಕೊರೆದು, ಇನ್ನೊಂದರ ತುದಿ ಕೆತ್ತಿ ಅದರೊಳಗೆ ಕೂರಿಸಿ, ಅಡ್ಡಲಾಗಿ ಮರದ ಗೂಟ ಹೊಡೆದು ಬಿಗಿ ಮಾಡಿದ್ದು. ಮೇಲಿನ ಮಹಡಿಗಳು ಕೆಳಗಿನದಕ್ಕಿಂತ ಮುಂದಕ್ಕೆ ಚಾಚಿಕೊಂಡಿವೆ. ಚೌಕದಲ್ಲಿ ನಿಂತು ಕತ್ತೆತ್ತಿದ್ರೆ ಆ ಚಾಚಿನ ಕೆಳಗೆ ಕೆತ್ತಿ ಬಣ್ಣ ಹಚ್ಚಿದ ಆಸರೆ ಮರಗಳು ಕಾಣ್ತವೆ. ಇಷ್ಟು ಕೆಲಸ ಗೊತ್ತಿರೋ ಬಡಗಿಗಳು 1980ರ ದಶಕದಲ್ಲೂ ಸಿಕ್ಕಿದ್ರಲ್ಲ, ನನಗೆ ಅದೇ ದೊಡ್ಡ ವಿಷಯ.

ಅದೇ ಚೌಕದ ವೆಡೆಕಿಂಡ್‌ಹೌಸ್ ನೋಡಿ. ಮುಂಭಾಗ ಹಳೇ ಮಾದರಿ, ಹಿಂದೆ ಹೊಸ ಕಾಲದ ಕಾಂಕ್ರೀಟ್ ಕಟ್ಟಡ. ಸೆಟ್ಟು ಅನ್ನೋದಾದ್ರೆ ಇದನ್ನ ಅನ್ನಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಆ ಬಡಗಿಗಳಿಗೆ ಮಾಡೋ ಅನ್ಯಾಯ.

ಇನ್ನೊಂದು ಮಾತು. ಇದೇ ಊರಿನ ಸೇಂಟ್ ಮಿಖಾಯೆಲ್ ಚರ್ಚ್ ಕೂಡ 1945ರಲ್ಲಿ ಹಾಳಾಗಿತ್ತು. ಚಿತ್ರ ಬರೆದ ಅದರ ಮರದ ಛಾವಣಿಯನ್ನ ಮೊದಲೇ ಬಿಚ್ಚಿಟ್ಟಿದ್ದಕ್ಕೆ ಉಳೀತು, ಮಿಕ್ಕಿದ್ದನ್ನ ಎಷ್ಟೋ ಮಟ್ಟಿಗೆ ಮತ್ತೆ ಕಟ್ಟಿದ್ರು. 1985ರಲ್ಲಿ ಯುನೆಸ್ಕೋ ಅದನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು. ದೇವರ ಮನೆಗೆ ಸಿಕ್ಕ ರಿಯಾಯಿತಿ ಮಾಂಸ ಮಾರೋರ ಮನೆಗೆ ಯಾಕಿಲ್ಲ?

ನನ್ನದೂ ಒಂದು ತಕರಾರಿದೆ. ಯುದ್ಧ ಆದ್ಮೇಲೆ ಕಸಾಯಿ ಸಂಘದ ಕಟ್ಟಡ ಇದ್ದ ಜಾಗದಲ್ಲಿ 1960ರ ದಶಕದಲ್ಲಿ ರೋಸ್ ಅನ್ನೋ ಹೋಟೆಲ್ ಎದ್ದಿತ್ತು, ಆ ಕಾಲದ ಆಧುನಿಕ ಶೈಲಿಯಲ್ಲಿ. ಅದನ್ನ ಕೆಡವಿಯೇ ಇದನ್ನ ಕಟ್ಟಿದ್ದು. ಊರಿನವರು ಸಂಘ ಕಟ್ಟಿಕೊಂಡು, ದೇಣಿಗೆ ಎತ್ತಿ ಸಾಧಿಸಿದ ಕೆಲಸ, ಹೆಮ್ಮೆ ಸಹಜ. ಆದ್ರೆ ಯಾರೇ ಪ್ರವಾಸಿಗೆ ಈ ಕಟ್ಟಡ ತೋರಿಸಿ "1529" ಅಂತ ಹೇಳುವಾಗ 1945, ಆ ಹೋಟೆಲ್, 1989 ಎಲ್ಲಾನೂ ಅದೇ ಉಸಿರಲ್ಲಿ ಹೇಳಬೇಕು. ಒಳಗೆ ಈಗ ನಗರದ ಮ್ಯೂಸಿಯಂ ಇದೆ. ಈ ಕತೆಗೆ ಅದಕ್ಕಿಂತ ಒಳ್ಳೇ ಜಾಗ ಇನ್ನೆಲ್ಲಿದೆ?