ಕಪಾಟೋ, ಪೆಟ್ಟಿಗೆಯೋ?

ಎಲ್ಲರಿಗೂ ನಮಸ್ಕಾರ.

ಹಳೆಯ ಆಟಿಕೆ ಕೂಡಿಡುವವರು ಇಬ್ಬರು ಸೇರಿದರೆ ಮೂರನೇ ಮಾತಿಗೆ ವಾದ ಶುರು. ಒಬ್ಬರು, 'ನೋಡೋದಕ್ಕೆ ತಾನೇ ತಂದಿರೋದು, ಕಪಾಟಿನಲ್ಲಿಡಿ' ಅನ್ನುತ್ತಾರೆ. ಇನ್ನೊಬ್ಬರು, 'ಪೆಟ್ಟಿಗೆಗೆ ಹಾಕಿ ಮುಚ್ಚಿಬಿಡಿ, ಮುಟ್ಟಲೇಬೇಡಿ' ಅನ್ನುತ್ತಾರೆ. ನಾನು ಬಹಳ ವರ್ಷ ಪೆಟ್ಟಿಗೆಯ ಪಕ್ಷದಲ್ಲಿದ್ದೆ. ಆ ಪಕ್ಷ ಬಿಟ್ಟ ಕತೆ ಮೊದಲು ಹೇಳಿಬಿಡುತ್ತೇನೆ.

ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆಯ ಕರಡಿ, ಅದರ ಪಕ್ಕ ಪ್ಲಾಸ್ಟಿಕ್ ರೈಲಿನ ಒಂದು ಬೋಗಿ ಇಟ್ಟಿದ್ದೆ. ಕರಡಿಗೆ ಹುಳು ಹಿಡಿಯಬಾರದೆಂದು ನಾಲ್ಕು ನುಸಿಗುಳಿಗೆ ಹಾಕಿ, ಟೇಪು ಸುತ್ತಿ ಅಟ್ಟಕ್ಕೇರಿಸಿದೆ. ಆರು ವರ್ಷದ ಮೇಲೆ ತೆಗೆದರೆ ಕರಡಿ ನೆಟ್ಟಗಿದೆ. ಬೋಗಿಯ ಚಾವಣಿಯಲ್ಲಿ ಮಾತ್ರ ಬೆರಳೊತ್ತಿದ ಹಾಗೆ ದುಂಡನೆಯ ಕುಳಿ. ಕಿಟಕಿಯ ಅಂಚು ಮೆತ್ತಗಾಗಿ ಮತ್ತೆ ಗಟ್ಟಿಯಾಗಿದೆ, ಕರಡಿಯ ನಾಲ್ಕು ಕೂದಲು ಅದರಲ್ಲಿ ಸಿಕ್ಕಿಕೊಂಡಿವೆ. ನುಸಿಗುಳಿಗೆಯ ನ್ಯಾಫ್ತಲೀನ್ ಆವಿಗೆ ಬೋಗಿಯಂಥ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಮೆದುವಾಗುತ್ತದೆ ಎಂದು ನನಗೆ ಗೊತ್ತಾದದ್ದು ಆಮೇಲೆ. ಬಿಸಿಲು ಬಿದ್ದಿರಲಿಲ್ಲ, ಮಕ್ಕಳ ಕೈ ತಾಗಿರಲಿಲ್ಲ. ಕೆಡಿಸಿದ್ದು ನನ್ನ ಜೋಪಾನವೇ.

ಅಂದಿನಿಂದ ನಾನು ಕೇಳುವ ಪ್ರಶ್ನೆ ಒಂದೇ: ಈ ಆಟಿಕೆ ಯಾವುದರಿಂದ ಮಾಡಿದ್ದು? ಎಲ್ಲಿಡಬೇಕು ಅನ್ನುವುದು ಅದರ ಹಿಂದೆ ತಾನಾಗಿ ಬರುತ್ತದೆ.

ಬೆಳಕಿನ ಭಯ ಸುಳ್ಳಲ್ಲ. ಬಣ್ಣ ಮಾಸುವಂಥ ವಸ್ತುಗಳಿಗೆ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಮೀರಿದ ಬೆಳಕು ಕೊಡುವುದಿಲ್ಲ. ಮಂದ ಬೆಳಕಾದರೂ ಏಟು ಕೂಡುತ್ತಲೇ ಹೋಗುತ್ತದೆ. 50 ಲಕ್ಸ್‌ನಲ್ಲಿ 10 ಗಂಟೆಯೂ 500 ಲಕ್ಸ್‌ನಲ್ಲಿ 1 ಗಂಟೆಯೂ ಹೆಚ್ಚುಕಡಿಮೆ ಒಂದೇ. ಆಟಿಕೆ ಬಂದ, ಚಿತ್ರ ಅಚ್ಚು ಹಾಕಿದ ಡಬ್ಬಿಗಳಲ್ಲಿ ಕೆಂಪು, ಹಳದಿ ಮೊದಲು ಹೋಗುತ್ತವೆ, ನೀಲಿ ಉಳಿದು ಇಡೀ ಡಬ್ಬಿ ಜ್ವರ ಬಂದವರ ಮುಖದ ಹಾಗೆ ಕಾಣುತ್ತದೆ. ಹೋದ ಬಣ್ಣ ಕತ್ತಲಲ್ಲಿಟ್ಟರೆ ಮರಳುವುದಿಲ್ಲ. ಹಾಗಾಗಿ ನನ್ನ ಪದ್ಧತಿ: ಆಟಿಕೆ ಹೊರಗೆ, ಡಬ್ಬಿ ಒಳಗೆ. ಡಬ್ಬಿಯನ್ನು ಎಲ್ಲರೂ ಎಸೆದಿರುತ್ತಾರಲ್ಲ, ಎಷ್ಟೋ ಸಲ ಆಟಿಕೆಗಿಂತ ಅದೇ ಅಪರೂಪ. 1977ರ ಕ್ರಿಸ್‌ಮಸ್‌ಗೆ ಸ್ಟಾರ್ ವಾರ್ಸ್ ಸಿನಿಮಾದ ಗೊಂಬೆಗಳು ತಯಾರಾಗದೆ ಕೆನ್ನರ್ ಕಂಪನಿ ಗೊಂಬೆಯೇ ಇಲ್ಲದ ರಟ್ಟಿನ ಲಕೋಟೆ ಮಾರಿತು. ಒಳಗಿದ್ದ ಚೀಟಿ ಕಳಿಸಿದವರಿಗೆ ಗೊಂಬೆಗಳು ಅಂಚೆಯಲ್ಲಿ ಬಂದದ್ದು ಮರುವರ್ಷ. ಇವತ್ತು ಸಂಗ್ರಾಹಕರು ಹುಡುಕುವುದು ಆ ರಟ್ಟನ್ನೇ!

ಇನ್ನು ಕಪಾಟಿನ ವಿಷಯ. ಸೀಸದ ಸೈನಿಕರನ್ನು ಇಡಲು ಒಳ್ಳೆಯ ಓಕ್ ಮರದ ಕಪಾಟು ಮಾಡಿಸುತ್ತಾರೆ. ಇಂಗ್ಲೆಂಡಿನ 'ಬ್ರಿಟನ್ಸ್' ಎಂಬ ಆಟಿಕೆ ಕಂಪನಿ 1893ರಲ್ಲಿ ಒಳಟೊಳ್ಳಾದ ಸೈನಿಕರನ್ನು ಎರಕ ಹೊಯ್ಯತೊಡಗಿತು. ಅಂಥವರ ಪಡೆಯೇ ಎಷ್ಟೋ ಮನೆಗಳಲ್ಲಿದೆ. ಓಕ್ ಮರ ವರ್ಷಗಟ್ಟಲೆ ಅಸಿಟಿಕ್ ಆಮ್ಲದ ಆವಿ ಬಿಡುತ್ತದೆ. ಗಾಜಿನ ಬಾಗಿಲು ಬಿಗಿಯಾಗಿದ್ದಷ್ಟೂ ಆವಿ ಒಳಗೇ ನಿಲ್ಲುತ್ತದೆ. ಮೊದಲು ಸೈನಿಕನ ಬೂಟಿನ ಹತ್ತಿರ ಬಿಳಿ ಪುಡಿ ಕಾಣುತ್ತದೆ, ಧೂಳೆಂದು ಬಾಯಿಂದ ಊದುತ್ತೇವೆ. ಊದಬೇಡಿ, ಅದು ಸೀಸದ ಕಾರ್ಬೊನೇಟ್, ವಿಷ. ಕಳಪೆ ರಟ್ಟಿನ ಪೆಟ್ಟಿಗೆಯೂ ಇದೇ ಕೆಲಸ ಮಾಡುತ್ತದೆ. ಸೀಸದ ಆಟಿಕೆ ಇಡಲು ಬಣ್ಣ ಸುಟ್ಟು ಹಚ್ಚಿದ ಲೋಹದ ಶೆಲ್ಫು, ಗಾಜು, ಇಷ್ಟೇ ಸಾಕು.

ಸೆಲ್ಯುಲಾಯ್ಡ್ ಅನ್ನುವ ಹಳೆಯ ಕಾಲದ ಪ್ಲಾಸ್ಟಿಕ್ಕಿನ ಗೊಂಬೆ ಇದಕ್ಕೂ ನಾಜೂಕು. ಅದು ಕೆಡುವಾಗ ತಾನೇ ಆಮ್ಲದ ಅನಿಲ ಬಿಡುತ್ತದೆ; ಮುಚ್ಚಿಟ್ಟರೆ ಆ ಅನಿಲವೇ ಗೊಂಬೆಯನ್ನು ಇನ್ನಷ್ಟು ಬೇಗ ತಿನ್ನುತ್ತದೆ, ಪಕ್ಕದವರನ್ನೂ ಬಿಡುವುದಿಲ್ಲ. ಬೆಂಕಿಗಂತೂ ಕಾದು ಕೂತಿರುತ್ತದೆ. ಗಾಳಿಯಾಡುವ ತಂಪು ಜಾಗದಲ್ಲಿ, ಒಂಟಿಯಾಗಿ ಇರಲಿ. 1959ರಲ್ಲಿ ಬಂದ ಬಾರ್ಬಿಯ ಮೊದಮೊದಲ ಗೊಂಬೆಗಳಲ್ಲಿ ಬೇರೆ ಕಾಟ: ಓಲೆಯ ಲೋಹ ಕಿಲುಬಿ ಕಿವಿಯ ಸುತ್ತ ವಿನೈಲ್ ಪ್ಲಾಸ್ಟಿಕ್ ಹಸಿರಾಗುತ್ತದೆ. ಓಲೆ ತೆಗೆದು ಬೇರೆ ಇಡಿ.

ಬ್ಯಾಟರಿ ಬಿಚ್ಚಬೇಕು, ಕೀಲಿ ಗೊಂಬೆಯ ಸ್ಪ್ರಿಂಗ್ ಸಡಿಲಿಸಬೇಕು. ಇದು ಗೊತ್ತಿದ್ದೂ ಮರೆಯುತ್ತೇವೆ.

ಏನು ಮಾಡಿದರೂ ಉಳಿಯದ ಒಂದು ಜಾತಿ ಇದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಕೆಲವು 'ಡಿಂಕಿ' ಆಟಿಕೆ ಕಾರುಗಳ ಸತುವಿನಲ್ಲಿ ಸೀಸದ ಕಲಬೆರಕೆಯಾಗಿತ್ತು. ಬಣ್ಣದಡಿಯಲ್ಲಿ ಕೂದಲೆಳೆಯಂಥ ಬಿರುಕು, ಆಮೇಲೆ ಊತ, ಆಮೇಲೆ ಚೂರು. ತೇವ ತಗ್ಗಿಸಿದರೆ ನಿಧಾನವಾಗಬಹುದು, ಮದ್ದಂತೂ ಇಲ್ಲ. ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟು ಅದು ಪುಡಿಯಾಗುವುದನ್ನು ಕಾಯುವುದಕ್ಕಿಂತ ಫೋಟೋ ತೆಗೆದು ಕಣ್ಣೆದುರಿಗಿಡುವುದೇ ಸರಿ ಅನ್ನುವವನು ನಾನು. ಈ ಮಾತಿಗೆ ಬೈಸಿಕೊಂಡಿದ್ದೇನೆ. ಆದರೂ ಎದುರಿಗಿದ್ದರೆ ಮೊದಲ ಬಿರುಕು ಕಾಣುತ್ತದೆ. ಅಟ್ಟದ ಮೇಲಿದ್ದದ್ದು ಕಂಡದ್ದು ನನಗೆ ಆರು ವರ್ಷ ಬಿಟ್ಟು.

ಈಗ ನನ್ನ ಕಪಾಟಿನಲ್ಲಿ ಒಂದು ಸಲಕ್ಕೆ ಹನ್ನೆರಡೇ ಆಟಿಕೆ. ಮೂರು ತಿಂಗಳಿಗೊಮ್ಮೆ ಒಳಗಿನವು ಹೊರಗೆ, ಹೊರಗಿನವು ಒಳಗೆ. ಬದಲಿಸುವಾಗ ಪ್ರತಿಯೊಂದೂ ಕೈಗೆ ಬರುತ್ತದೆ, ತಿರುಗಿಸಿ ನೋಡುತ್ತೇನೆ, ಮೂಸುತ್ತೇನೆ ಕೂಡ. ವಿನಿಗರ್ ವಾಸನೆ, ಅಂಟಂಟು ಮೈ, ಬಿಳಿ ಪುಡಿ ಏನಿದ್ದರೂ ಆಗಲೇ ಸಿಕ್ಕಿಬೀಳುತ್ತದೆ. ಕುಳಿ ಬಿದ್ದ ಬೋಗಿ ಮಾತ್ರ ಸರದಿಗೆ ಸೇರದೆ ಮುಂದಿನ ಸಾಲಿನಲ್ಲೇ ಇದೆ, ಕಿಟಕಿಯಲ್ಲಿ ಕರಡಿಯ ಕೂದಲ ಸಮೇತ.

ನೀವು ತಂದಿರುವುದನ್ನು ಈ ಮೇಜಿನ ಮೇಲಿಡಿ, ಒಂದೊಂದಾಗಿ ನೋಡೋಣ. ಸೆಲ್ಯುಲಾಯ್ಡ್ ಇದ್ದರೆ ದಯವಿಟ್ಟು ಆ ದೀಪದ ಕೆಳಗೆ ಬೇಡ, ಈ ಕಡೆ ತನ್ನಿ.